ಐರ್ಲೆಂಡಿನವನಿಗೆ ಒಂದು ಪ್ರಶ್ನೆ

ನವೆಂಬರ್ ೩, ಮಂಗಳವಾರ

ಬೆಳಿಗ್ಗೆ ಬಾಗಿಲು ತೆಗೆಯಲು ಹೋದರೆ ನನ್ನ ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲೆ ಒಬ್ಬ ಮುದುಕ ನಗುತ್ತಿದ್ದ. ಪೋಸ್ಟರು. 'ಐರ್ಲೆಂಡಿನ ಖ್ಯಾತ ಕಾದಂಬರಿಕಾರರಿಂದ ಸಾರ್ವಜನಿಕ ಉಪನ್ಯಾಸ. ಪುರಭವನ, ಶನಿವಾರ ೨೧ರ ಸಂಜೆ. ಎಲ್ಲರಿಗೂ ಸ್ವಾಗತ.' ಅಂಟು ಇನ್ನೂ ಹಸಿಯಾಗಿತ್ತು. 'ಇಲ್ಲಿ ಪೋಸ್ಟರ್ ಅಂಟಿಸಬಾರದು' ಎಂದು ನಾನು ಬರೆಸಿದ ಅಕ್ಷರಗಳ ಮೇಲೆಯೇ ಅಂಟಿಸಿ ಹೋಗಿದ್ದಾರೆ. ಕಾರಿನ ಕೀಲಿಯಿಂದ ಕೆರೆದು ಕಿತ್ತೆ. ಬಾಯಿ, ಗಲ್ಲ ಬಂದವು. ಮೇಲಿನ ಅರ್ಧ ಬರಲೇ ಇಲ್ಲ.

ಮನೆಗೆ ಬಂದು ಯಾರಿಗಾದರೂ ಹೇಳೋಣವೆಂದರೆ ಯಾರಿದ್ದಾರೆ? ಅದಕ್ಕೇ ಹಳೆಯ ಡೈರಿಯೊಂದನ್ನು ಹುಡುಕಿ ಬರೆಯಲು ಕೂತಿದ್ದೇನೆ.

ಈ ಮುದುಕ ಊರಿಗೆಲ್ಲ ಖ್ಯಾತನಿರಬಹುದು. ನನ್ನ ಪಾಲಿಗೆ ಮನೆಹಾಳ. ನನ್ನ ಹೆಂಡತಿ ಹೋದ ತಿಂಗಳು ಮನೆ ಬಿಟ್ಟು ಹೋಗಲು ಇವನೇ ಕಾರಣ. ಲೈಬ್ರರಿಯಲ್ಲಿ ಹೆಂಗಸರೆಲ್ಲ ಸೇರಿ ಪುಸ್ತಕ ಓದುವ ಕೂಟವೊಂದಿದೆ. ಅಲ್ಲಿಂದ ಇವನ ಕಾದಂಬರಿ ತಂದಳು, ನಮ್ಮ ಭಾಷೆಗೆ ಅನುವಾದವಾದದ್ದು. ಒಲೆಯ ಮುಂದೆ ಓದಿದಳು, ಬಸ್ಸಿನಲ್ಲಿ ಓದಿದಳು, ನಾನು ಮಾತಾಡುತ್ತಿರುವಾಗಲೂ ಓದಿದಳು. ಅದರಲ್ಲಿ ಹಾರ್ಡ್‌ವೇರ್ ಅಂಗಡಿಯವನ ಹೆಂಡತಿ ಒಂದು ದಿನ ಬಸ್ಸಿನಿಂದ ಯಾವುದೋ ಸ್ಟಾಪಿನಲ್ಲಿ ಇಳಿದು ಹೋದವಳು ಮನೆಗೆ ಮರಳುವುದೇ ಇಲ್ಲವಂತೆ. ಓದಿ ಮುಗಿಸಿದ ವಾರದಲ್ಲೇ ಇವಳೂ ಸಿಗ್ನಲ್ಲಿನಲ್ಲಿ ನನ್ನ ಕಾರಿನಿಂದ ಇಳಿದು ಹೋದಳು. ಬೇರೆ ಸಾಕ್ಷಿ ಏನು ಬೇಕು?

ನಾನು ಕುಡಿದವನಲ್ಲ, ಕೈ ಎತ್ತಿದವನಲ್ಲ, ಇನ್ನೊಬ್ಬಳ ಕಡೆ ತಿರುಗಿ ನೋಡಿದವನಲ್ಲ. ಎಲ್ಲೋ ಕೂತು ಕಾಗದದ ಮೇಲೆ ಗೀಚುವವನೊಬ್ಬ ಬಂದು ನನ್ನ ಸಂಸಾರಕ್ಕೆ ಕಲ್ಲು ಹಾಕುವುದೆಂದರೆ!

ತೀರ್ಮಾನ ಮಾಡಿದ್ದೇನೆ. ಹೋಗುತ್ತೇನೆ. ಕೊನೆಗೆ ಪ್ರಶ್ನೆ ಕೇಳಲು ಬಿಡುತ್ತಾರಂತೆ. ಎಲ್ಲರ ಎದುರು ಎದ್ದು ನಿಂತು ಕೇಳುತ್ತೇನೆ: 'ಮಹಾಶಯರೇ, ಇಲ್ಲಿಯವರೆಗೆ ಎಷ್ಟು ಸಂಸಾರ ಒಡೆದಿದ್ದೀರಿ?'

ಚೆನ್ನಾಗಿದೆ. ಇಷ್ಟು ಸಾಕು ಅವನಿಗೆ.

ನವೆಂಬರ್ ೪, ಬುಧವಾರ

ನರ್ಸಮ್ಮನ ಪಾಠ. ಈ ಹೆಂಗಸು ಆಸ್ಪತ್ರೆಯಲ್ಲಿ ಜನರ ನರ ಹುಡುಕಿ ಸೂಜಿ ಚುಚ್ಚುತ್ತಾಳಂತೆ, ಗೇರ್ ಮಾತ್ರ ಸಿಗುವುದಿಲ್ಲ. ಎಡಕ್ಕೆ ಎಂದರೆ ಬಲಕ್ಕೆ ನೋಡುತ್ತಾಳೆ. 'ಕ್ಲಚ್, ಕ್ಲಚ್, ಕನ್ನಡಿ, ಕೈ ಬಿಡಬೇಡಿ, ಈಗ ಬಿಡಿ' ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ನನ್ನ ಕಡೆಯ ಬ್ರೇಕಿನ ಮೇಲಿಂದ ಕಾಲು ತೆಗೆಯಲೇ ಇಲ್ಲ. ಇಳಿಯುವಾಗ ಅವಳ ಕಣ್ಣಲ್ಲಿ ನೀರು. ಅತ್ತರೆ ಲೈಸೆನ್ಸ್ ಬರುತ್ತದೆಯೇ?

ಎದುರು ಮನೆಯವರು ಕೇಳಿದರು, ಮನೆಯವರು ಕಾಣಿಸುತ್ತಲೇ ಇಲ್ಲವಲ್ಲ ಎಂದು. ತಂಗಿ ಮನೆಗೆ ಹೋಗಿದ್ದಾಳೆ, ತಂಗಿಗೆ ಹುಷಾರಿಲ್ಲ ಎಂದೆ.

ನವೆಂಬರ್ ೬, ಶುಕ್ರವಾರ

ಮಗಳು ಬಂದಿದ್ದಳು. ಅವಳದು ಔಷಧಿ ಅಂಗಡಿ, ಗಂಡನ ಜೊತೆ ನಡೆಸುತ್ತಾಳೆ. ನನ್ನ ಬಿಪಿ ಮಾತ್ರೆ ಕೊಡುವ ನೆಪದಲ್ಲಿ ಬರುತ್ತಾಳೆ. ಬಂದ ಮೇಲೆ ಬಿಪಿ ಏರಿಸಿ ಹೋಗುತ್ತಾಳೆ.

ಅವಳ ಅಮ್ಮನಿಗೆ ಕೆಲಸ ಸಿಕ್ಕಿದೆಯಂತೆ. ಕಣ್ಣು ಕಾಣದವರ ಶಾಲೆಗಾಗಿ ಪಾಠಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಸುವುದು. ದನಿಗೆ ಸಂಬಳವಂತೆ! ಅದೇ ದನಿ ಇಷ್ಟು ವರ್ಷ ಈ ಮನೆಯಲ್ಲಿತ್ತು, ಯಾರೂ ಬಂದು ಕೇಳಿರಲಿಲ್ಲ. ಹಾಗೆಂದೆ. ಮಗಳು, ಹೌದಪ್ಪ, ಯಾರೂ ಕೇಳಿರಲಿಲ್ಲ ಎಂದಳು.

ವಿಳಾಸ ಕೊಡು ಎಂದೆ. ಕೊಡುವುದಿಲ್ಲವಂತೆ. ಅಮ್ಮನಿಗೆ ಮಾತು ಕೊಟ್ಟಿದ್ದಾಳಂತೆ. ಅಪ್ಪನಿಗೆ ಕೊಡಬೇಕಾದ್ದು ಏನೂ ಇಲ್ಲವೇ ಎಂದು ರೇಗಿದೆ. ಎಲ್ಲ ಆ ಕಾದಂಬರಿಕಾರನ ಕಿತಾಪತಿ, ನಿನ್ನ ತಲೆಯನ್ನೂ ಕೆಡಿಸಿದ್ದಾನೆ ಎಂದೆ. ಆಗ ಮಾತ್ರೆಯ ಚೀಟಿ ಮಡಚುತ್ತಿದ್ದವಳು ನಿಲ್ಲಿಸಿ ಹೇಳಿದಳು:

"ಅಪ್ಪ, ಅವತ್ತು ನಾನೂ ಕಾರಲ್ಲಿದ್ದೆ. ಹಿಂದಿನ ಸೀಟಲ್ಲಿ. ಪುಸ್ತಕ ಇರ್ಲಿಲ್ಲ. ನೀನಿದ್ದೆ."

ಎಂಥ ಮಾತು! ಆ ದಿನ ಏನಾಯಿತು ಎಂಬುದನ್ನು ಇಲ್ಲಿ ಸರಿಯಾಗಿ ಬರೆದಿಡುತ್ತೇನೆ, ಮುಂದೆ ಯಾರೂ ತಿರುಚಬಾರದು. ನನ್ನ ಅಕ್ಕನ ಮನೆಯಿಂದ ಹಿಂದಿರುಗುತ್ತಿದ್ದೆವು. ಅವಳು ಮಗಳಿಗೆ ಲೈಬ್ರರಿಯೊಳಗೆ ಪಾರಿವಾಳ ನುಗ್ಗಿದ ಕಥೆ ಹೇಳುತ್ತಿದ್ದಳು. ಬುಧವಾರ ಎಂದಳು. ಕೂಟ ಇರುವುದು ಗುರುವಾರ ಎಂದೆ. ಪಾರಿವಾಳ ಚಾವಣಿಯ ತುದಿಗೆ ಹೋಗಿ ಕೂತಿತು ಎಂದಳು. ಪಾರಿವಾಳ ಮನೆಯೊಳಗೆ ಬಂದರೆ ಅಷ್ಟು ಎತ್ತರ ಹಾರುವುದಿಲ್ಲ, ಕಿಟಕಿಯ ಕಡೆಗೇ ಹೋಗುತ್ತದೆ ಎಂದೆ. ಲೈಬ್ರರಿಯನ್ ಮೇಜು ಹತ್ತಿದರು ಎಂದಳು. ಆ ಗಾತ್ರದ ಹೆಂಗಸು ಮೇಜು ಹತ್ತಲು ಸಾಧ್ಯವೇ, ಸ್ಟೂಲ್ ಇರಬೇಕು ಎಂದೆ. ನಾನು ಅಲ್ಲಿರಲಿಲ್ಲ, ನಿಜ. ಇಷ್ಟು ತಿಳಿಯಲು ಅಲ್ಲಿರಬೇಕೇ?

ಅವಳು ಕಥೆ ನಿಲ್ಲಿಸಿದಳು. ಸಿಗ್ನಲ್ ಕೆಂಪಾಯಿತು. ಬಾಗಿಲು ತೆಗೆದು ಇಳಿದಳು. 'ಹಿಂದೆ ನೋಡ್ಕೊಂಡು ಬಾಗಿಲು ತೆಗಿ' ಎಂದು ಕೂಗಿದೆ. ಅದೇ ಅವಳಿಗೆ ನಾನು ಆಡಿದ ಕೊನೆಯ ಮಾತು. ಅದರಲ್ಲೇನು ತಪ್ಪಿದೆ? ಪಕ್ಕದಲ್ಲಿ ಬೈಕ್ ಬರುತ್ತಿತ್ತು.

ನವೆಂಬರ್ ೮, ಭಾನುವಾರ

ಆ ಪುಸ್ತಕ ಮನೆಯಲ್ಲೇ ಇದೆ. ಅವಳ ಬಟ್ಟೆಯ ಕಪಾಟಿನ ಮೇಲೆ ಬಿಟ್ಟುಹೋಗಿದ್ದಾಳೆ. ಲೈಬ್ರರಿಯವರು ಎರಡು ಸಲ ಫೋನ್ ಮಾಡಿ ವಾಪಸ್ ಕೊಡಿ ಎಂದರು. ಕೊಡುವುದಿಲ್ಲ. ಶತ್ರುವಿನ ಆಯುಧ ಏನೆಂದು ತಿಳಿಯದೆ ಎದುರು ನಿಲ್ಲಬಾರದು. ಮಧ್ಯಾಹ್ನ ಮೊಟ್ಟೆ ಬೇಯಿಸಿ ತಿಂದು ಓದಲು ಕೂತೆ.

ಮೊದಲ ಪುಟದಲ್ಲೇ ಬಸ್ಸು. ಡ್ರೈವರ್ ಇಳಿಜಾರಿನಲ್ಲಿ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡುತ್ತಾನೆ ಎಂದು ಬರೆದಿದ್ದಾನೆ. ಇಂಥವನ ಕೈಗೆ ಜನರ ಬದುಕು ಕೊಟ್ಟರೆ ಇನ್ನೇನಾಗುತ್ತದೆ? ಆ ಹೆಂಗಸು ಸಮುದ್ರ ಕಾಣುವ ಸ್ಟಾಪಿನಲ್ಲಿ ಇಳಿಯುತ್ತಾಳೆ. ಬೇಕರಿಯ ಮೇಲೊಂದು ಕೋಣೆ ಹಿಡಿಯುತ್ತಾಳೆ. ಕಿಟಕಿ ತೆಗೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆಗೆಯುತ್ತಾಳೆ. ಇದಕ್ಕೇ ಒಂದು ಪುಟ! ನಮ್ಮ ಮನೆಯಲ್ಲೂ ಕಿಟಕಿಗಳಿವೆ.

ಆಮೇಲೆ ಗಂಡನ ಅಧ್ಯಾಯ ಬಂತು. ಅವನ ಬಗ್ಗೆ ಇರುವುದು ಅದೊಂದೇ. ಅಂಗಡಿಯಲ್ಲಿ ಕೂತು ಮೊಳೆ ತೂಗುತ್ತಾನೆ. ಗಿರಾಕಿಗಳಿಗೆ ಸುತ್ತಿಗೆ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಾನೆ, ಅವರು ಕೇಳದಿದ್ದರೂ. ಒಬ್ಬಾಕೆ ಬಂದು 'ಮನೆಯವರು ಹೇಗಿದ್ದಾರೆ' ಎನ್ನುತ್ತಾಳೆ. ಅವನು ತಲೆ ಎತ್ತದೆ ಹೇಳುತ್ತಾನೆ: 'ತಂಗಿ ಮನೆಗೆ ಹೋಗಿದ್ದಾಳೆ.'

ಪುಸ್ತಕವನ್ನು ಗೋಡೆಗೆ ಬೀಸಿದೆ. ಇವನಿಗೆ ಯಾರು ಹೇಳಿದರು?

ನವೆಂಬರ್ ೯, ಸೋಮವಾರ

ಇವತ್ತು ಓದಲಿಲ್ಲ. ಅದರ ಕಡೆ ನೋಡಲೂ ಇಲ್ಲ.

ನವೆಂಬರ್ ೧೧, ಬುಧವಾರ

ಲೈಬ್ರರಿಗೆ ಹೋದೆ. ಪ್ರಶ್ನೆ ಕೇಳುವವರು ಮೊದಲೇ ಹೆಸರು ಕೊಡಬೇಕೇ ಎಂದು ವಿಚಾರಿಸಲು. ಲೈಬ್ರರಿಯನ್ ದಪ್ಪ ಕನ್ನಡಕದ, ದೊಡ್ಡ ಗಾತ್ರದ ಹೆಂಗಸು. ನನ್ನನ್ನು ನೋಡಿದ ಕೂಡಲೇ ಪೆನ್ನಿಗೆ ಮುಚ್ಚಳ ಹಾಕಿ ಕೈಕಟ್ಟಿ ಕೂತರು. ನಾನು ಯಾರೆಂದು ಗೊತ್ತು, ನನ್ನ ಬಗ್ಗೆ ಸಾಕಷ್ಟು ಕೇಳಿದ್ದಾರೆ ಎಂಬುದು ಆ ಕೂತ ರೀತಿಯಲ್ಲೇ ತಿಳಿಯಿತು.

ಹೆಸರು ಕೊಡಬೇಕಾಗಿಲ್ಲವಂತೆ. ಕೈ ಎತ್ತಿದರೆ ಮೈಕ್ ಬರುತ್ತದೆ. ಒಬ್ಬರಿಗೆ ಒಂದೇ ಪ್ರಶ್ನೆ, ಭಾಷಣ ಮಾಡುವಂತಿಲ್ಲ. ಪುಸ್ತಕ ತಂದಿದ್ದೀರಾ ಎಂದರು. ಇನ್ನೂ ಓದುತ್ತಿದ್ದೇನೆ ಎಂದೆ. ಅವರ ಹುಬ್ಬು ಕನ್ನಡಕದ ಮೇಲಕ್ಕೆ ಬಂತು.

ಹೊರಡುವಾಗ ಹಿಂದಿನಿಂದ ಕರೆದರು. "ಸಾರ್, ಒಂದು ಮಾತು. ಅವತ್ತು ಉಪನ್ಯಾಸಕ್ಕೆ ಮುಂಚೆ ಕಾದಂಬರಿಯಿಂದ ಒಂದು ಭಾಗ ಓದಿಸ್ತೀವಿ. ಓದೋರು ನಿಮ್ಮ ಮನೆಯವರು. ವೇದಿಕೆ ಮೇಲೇ ಕೂತಿರ್ತಾರೆ. ಗಲಾಟೆ ಮಾಡೋ ಯೋಚನೆ ಇದ್ರೆ ದಯವಿಟ್ಟು ಬರಬೇಡಿ."

ಏನು ಹೇಳಿದೆನೋ ನೆನಪಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತು, ಕೀಲಿ ತಿರುಗಿಸಿ, ಆಗಲೇ ಚಾಲೂ ಇದ್ದ ಎಂಜಿನ್ನನ್ನು ಮತ್ತೆ ಚಾಲೂ ಮಾಡಿದೆ. ಅದು ಕಿರುಚಿಕೊಂಡಿತು. ಕಲಿಯಲು ಬಂದವರು ಮಾಡುವ ತಪ್ಪು.

ಹಾಗಾದರೆ ಎಲ್ಲರೂ ಸೇರಿ ಒಂದೇ ವೇದಿಕೆಯ ಮೇಲೆ. ನಾನೊಬ್ಬ ಕೆಳಗೆ. ಇರಲಿ.

ನವೆಂಬರ್ ೧೩, ಶುಕ್ರವಾರ

ನೆಗಡಿ. ಗಂಟಲು ಪೂರ್ತಿ ಹೋಗಿದೆ. ಉಸಿರು ಬಿಟ್ಟರೆ ಬೇರೇನೂ ಹೊರಡುವುದಿಲ್ಲ. ನರ್ಸಮ್ಮನ ಪಾಠ ರದ್ದು ಮಾಡೋಣವೆಂದರೆ ಫೋನಿನಲ್ಲಿ ಹೇಳಲೂ ದನಿಯಿಲ್ಲ, ಅವಳು ಬಂದೇ ಬಿಟ್ಟಳು. ಗಂಟಲು ತೋರಿಸಿ ಕೈಸನ್ನೆ ಮಾಡಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಎಂದು ಆಸ್ಪತ್ರೆಯ ದನಿಯಲ್ಲಿ ಆಜ್ಞೆ ಮಾಡಿ ಸ್ಟೀರಿಂಗ್ ಮುಂದೆ ಕೂತಳು.

ಮಾರುಕಟ್ಟೆ ರಸ್ತೆ, ರೈಲ್ವೆ ಸೇತುವೆ, ಸ್ಕೂಲು ಬಿಡುವ ಹೊತ್ತಿನ ಗಲ್ಲಿ. ಎಲ್ಲೂ ಎಂಜಿನ್ ನಿಲ್ಲಲಿಲ್ಲ. ಸೇತುವೆಯ ಏರಿನಲ್ಲಿ ಒಂದು ಸಲ ಬಂಡಿ ಹಿಂದಕ್ಕೆ ಜಾರಿತು. ನನ್ನ ಕಾಲು ಬ್ರೇಕಿಗೆ ಹೋಗುವ ಮುಂಚೆಯೇ ಅವಳು ಹಿಡಿದಳು. ನಾನು ಇಷ್ಟು ವಾರ ತಿದ್ದಿದ್ದು ಈಗ ಫಲ ಕೊಡುತ್ತಿದೆ. ಇಳಿಯುವಾಗ ಅವಳು, "ಸಾರ್, ತಪ್ಪು ತಿಳೀಬೇಡಿ. ನೀವು ಸುಮ್ಮನಿದ್ರೆ ನಂಗೆ ಬರುತ್ತೆ" ಎಂದಳು.

ಕಲಿಸಿದ ಗುರುವಿಗೆ ಇದು ಮರ್ಯಾದೆ.

ನವೆಂಬರ್ ೧೫, ಭಾನುವಾರ

ಪುಸ್ತಕ ಮುಗಿಯಿತು. ಗೋಡೆಗೆ ಬಿದ್ದು ಬೆನ್ನು ಬಿಟ್ಟುಕೊಂಡಿದ್ದನ್ನು ಅಂಟು ಹಾಕಿ ಕೂರಿಸಿ ಓದಿದೆ. ಅವಳು ಕೊನೆಯವರೆಗೂ ಬೇಕರಿಯ ಮೇಲೆಯೇ ಇರುತ್ತಾಳೆ. ಸುಖವಾಗಿದ್ದಾಳೆ ಎಂದೂ ಬರೆದಿಲ್ಲ, ದುಃಖದಲ್ಲಿದ್ದಾಳೆ ಎಂದೂ ಇಲ್ಲ. ಬೆಳಿಗ್ಗೆ ಬ್ರೆಡ್ಡಿನ ವಾಸನೆಗೆ ಎಚ್ಚರವಾಗುತ್ತದೆ, ಅಷ್ಟೆ. ಇಷ್ಟು ದುಡಿದು ಬರೆದವನಿಗೆ ಒಂದು ಕೊನೆ ಕೊಡಲು ಆಗಲಿಲ್ಲವೇ?

ಮತ್ತೆ ಗಂಡನ ಅಧ್ಯಾಯಕ್ಕೆ ಹೋದೆ. ಇನ್ನೊಂದು ಸಲವೂ ಓದಿದೆ. ಅವನು ಅಂಗಡಿ ಮುಚ್ಚುತ್ತಾನೆ, ಮಳೆ ಬರುವ ಹಾಗಿರುತ್ತದೆ, ಮೊಳೆಯ ಡಬ್ಬಿಗಳನ್ನು ಒಳಗಿಡುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮನುಷ್ಯ ಎಲ್ಲಿಗೆ ಹೋದ? ಏನು ತಿಂದ? ಅವನಿಗೆ ಅನ್ನ ಬೇಯಿಸಲು ಬರುತ್ತಿತ್ತೇ? ಅಲ್ಲಿ ಅನ್ನ ತಿನ್ನುವುದಿಲ್ಲ, ಸರಿ, ಆಲೂಗಡ್ಡೆಯಾದರೂ? ಹೆಂಡತಿಯ ಕಿಟಕಿಗೆ ಒಂದು ಪುಟ ಕೊಟ್ಟವನು ಗಂಡನ ರಾತ್ರಿಯೂಟಕ್ಕೆ ಒಂದು ಸಾಲು ಕೊಡಲಿಲ್ಲ. ಇದು ಪಕ್ಷಪಾತ.

ಪ್ರಶ್ನೆ ಬದಲಾಯಿಸಿದ್ದೇನೆ. ಸಂಸಾರ ಒಡೆದದ್ದರ ಬಗ್ಗೆ ಕೇಳಿದರೆ ನುಣುಚಿಕೊಳ್ಳುತ್ತಾನೆ. 'ಗಂಡನಿಗೆ ಬಾಯಿ ಯಾಕೆ ಕೊಡಲಿಲ್ಲ?' ಎಂದು ಕೇಳಬೇಕು. ಅಲ್ಲಿ ಸಿಕ್ಕಿಬೀಳುತ್ತಾನೆ.

ನವೆಂಬರ್ ೧೭, ಮಂಗಳವಾರ

ಮಗಳ ಫೋನು. ನಾನು ಬರುವ ವಿಷಯ ಲೈಬ್ರರಿಯನ್ ಅವಳಿಗೆ ಹೇಳಿದ್ದಾರೆ. ಬರಬೇಡ ಎಂದು ಮೊದಲು ಬೇಡಿದಳು, ಆಮೇಲೆ ರೇಗಿದಳು. ಅಮ್ಮ ಜನರ ಮುಂದೆ ನಿಲ್ಲುವುದು ಇದೇ ಮೊದಲು, ನಿನ್ನ ಮುಖ ಕಂಡರೆ ಒಂದಕ್ಷರವೂ ಹೊರಡುವುದಿಲ್ಲ ಎಂದಳು.

ಸಾರ್ವಜನಿಕ ಉಪನ್ಯಾಸ ತಾನೇ, ನಾನೂ ಸಾರ್ವಜನಿಕನೇ ಎಂದೆ.

"ಬಾ. ಆದ್ರೆ ಅಮ್ಮ ಓದ್ತಿರುವಾಗ ನೀನು ಒಂದೇ ಒಂದು ಮಾತಾಡಿದ್ರೆ, ನನಗೆ ಅಪ್ಪ ಇಲ್ಲ ಅಂದ್ಕೋತೀನಿ" ಎಂದು ಫೋನ್ ಇಟ್ಟಳು.

ಮೈ ಉರಿದುಹೋಯಿತು. ಹೆತ್ತ ಮಗಳ ಬಾಯಿಂದ.

ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂರುತ್ತೇನೆ. ಹೆದರಿ ಅಲ್ಲ. ಹಿಂದಿನಿಂದ ಎಲ್ಲ ಕಾಣುತ್ತದೆ.

ನವೆಂಬರ್ ೨೧, ಶನಿವಾರ

ಬರೆಯುವುದು ಬಹಳ ಇದೆ. ಒಂದೊಂದಾಗಿ ಬರೆಯುತ್ತೇನೆ.

ಪುರಭವನ ತುಂಬಿತ್ತು. ಕಂಬದ ಹಿಂದೆ ಜಾಗ ಸಿಕ್ಕಿತು. ಕಾದಂಬರಿಕಾರ ತಡವಾಗಿ ಬಂದ. ಪೋಸ್ಟರಿನಲ್ಲಿದ್ದ ನಗುವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಕುಳ್ಳು ಮನುಷ್ಯ, ಕಿವಿಗೆ ಯಂತ್ರ, ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು. ಕೂತವನೇ ಮೈಕ್ ಎತ್ತರವಾಯಿತೆಂದು ಗೊಣಗಿದ, ಲೈಟು ಕಣ್ಣಿಗೆ ಹೊಡೆಯುತ್ತದೆಂದು ಗೊಣಗಿದ. ಇಂಥವನನ್ನು ನಾನು ಏನೋ ಎಂದುಕೊಂಡಿದ್ದೆ. ಪಕ್ಕದಲ್ಲಿ ಅವನ ಇಂಗ್ಲಿಷನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಲು ಕಾಲೇಜಿನ ಮೇಷ್ಟ್ರೊಬ್ಬರು. ಆ ಕಡೆಯ ಕೊನೆಯ ಕುರ್ಚಿಯಲ್ಲಿ ಅವಳು.

ತಲೆಗೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಾಳೆ. ಕುತ್ತಿಗೆ ಕಾಣುತ್ತದೆ.

ಅವಳನ್ನು ಕರೆದರು. ಎದ್ದು ಬಂದಳು. ಬಸ್ಸಿನಿಂದ ಇಳಿಯುವ ಭಾಗವನ್ನೇ ಓದುತ್ತಾಳೆ ಎಂದು ಹಲ್ಲು ಕಚ್ಚಿ ಕೂತಿದ್ದೆ. ಅವಳು ಓದಿದ್ದು ಗಂಡನ ಅಧ್ಯಾಯ. ಓದುವ ಭಾಗವನ್ನು ಆರಿಸಿಕೊಂಡದ್ದು ಅವಳೇ ಎಂದು ಲೈಬ್ರರಿಯನ್ ಅವಳನ್ನು ಕರೆಯುವಾಗ ಹೇಳಿದ್ದರು.

ಮೊದಲ ಎರಡು ಸಾಲು ದನಿ ಅದುರಿತು. ಆಮೇಲೆ ಗಟ್ಟಿಯಾಯಿತು. ಅಷ್ಟು ಜನರಿದ್ದರೂ ಒಬ್ಬರೂ ಕೆಮ್ಮಲಿಲ್ಲ. ಮೊಳೆಗಳನ್ನು ತಕ್ಕಡಿಗೆ ಸುರಿಯುವ ಕಡೆ ಅವಳು ನಿಧಾನ ಮಾಡಿದಳು, ಮೊಳೆ ಬೀಳುವ ಸದ್ದು ಕೇಳಿದ ಹಾಗಾಯಿತು. 'ತಂಗಿ ಮನೆಗೆ ಹೋಗಿದ್ದಾಳೆ' ಎಂಬುದನ್ನು ತಲೆ ತಗ್ಗಿಸಿ ಹೇಳಿದಳು. ನಾನು ಎದುರು ಮನೆಯವರಿಗೆ ಹೇಳಿದ್ದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ಕಂಬದ ಹಿಂದಕ್ಕೆ ಇನ್ನಷ್ಟು ಸರಿದೆ. ಕೊನೆಯಲ್ಲಿ ಮಳೆ ಬರುವ ಹಾಗಿತ್ತು ಎಂಬ ಸಾಲನ್ನು ಬಿಟ್ಟಳು. ಹಾಳೆ ಮಗುಚುವಾಗ ತಪ್ಪಿರಬೇಕು. ಬಿಟ್ಟದ್ದೇ ಒಳ್ಳೆಯದಾಯಿತು.

ಆಮೇಲೆ ಅವನ ಉಪನ್ಯಾಸ. ಜನರನ್ನು ಪ್ರೀತಿಸುತ್ತೇನೆಂದು ತಾನು ಯಾರಿಗೂ ಬರೆದುಕೊಟ್ಟಿಲ್ಲ ಎಂದು ಶುರು ಮಾಡಿದ. ತನ್ನೂರಿನಲ್ಲಿ ಯಾರೂ ವಿಷಯವನ್ನು ನೇರವಾಗಿ ಹೇಳುತ್ತಿರಲಿಲ್ಲವಂತೆ. ಗಂಟೆಗಟ್ಟಲೆ ಮೋಡದ ಬಗ್ಗೆ, ದನದ ಬಗ್ಗೆ ಮಾತಾಡಿ, ಎದ್ದು ಹೊರಟು, ಹೊಸ್ತಿಲ ಮೇಲೆ ಒಂದು ಕಾಲಿಟ್ಟಾಗ ಹೇಳಬೇಕಾದ್ದನ್ನು ಅರ್ಧ ಮಾತಿನಲ್ಲಿ ಹೇಳಿ ಹೋಗುತ್ತಿದ್ದರಂತೆ. ಆ ಅರ್ಧ ಮಾತಿಗೆ ಕಾಯುವುದಷ್ಟೇ ತಾನು ಕಲಿತ ವಿದ್ಯೆ ಎಂದ. ಇದೊಂದು ಪರವಾಗಿಲ್ಲ. ನಡುವೆ ನೀರು ಕುಡಿದು, ಓದುಗರು ತನ್ನ ಬಳಿ ಬಂದು 'ಇದು ನನ್ನದೇ ಕಥೆ' ಎಂದು ಗೋಳಾಡುವುದು ಸಾಕಾಗಿದೆ, ಮುಖ ನೋಡಿಕೊಳ್ಳಬೇಕಾದವರು ಕನ್ನಡಿ ಕೊಳ್ಳಲಿ ಎಂದ. ಜನ ನಕ್ಕರು. ಆ ಗಂಡನ ವಿಷಯ ಬಂತು. ಅವನಲ್ಲಿ ತನಗೆ ಆಸಕ್ತಿ ಇರಲಿಲ್ಲ, ಪ್ರಕಾಶಕರ ಕಾಟಕ್ಕೆ ಒಂದು ಅಧ್ಯಾಯ ಬರೆದೆ, ಮೊಳೆ ತೂಗುವವನು ತೂಗುತ್ತಿರಲಿ ಎಂದ. ಜನ ಮತ್ತೆ ನಕ್ಕರು. ಅವಳು ನಗಲಿಲ್ಲ. ಮಡಿಲಲ್ಲಿದ್ದ ಹಾಳೆಗಳನ್ನು ನೋಡುತ್ತಿದ್ದಳು.

ಕೈ ಎತ್ತಿದೆ. ಮೊದಲು ಒಬ್ಬರು ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಕವನ ಸಂಕಲನದ ಪರಿಚಯ ಮಾಡಿಕೊಂಡರು. ಇನ್ನೊಬ್ಬರು ಬೆಳಿಗ್ಗೆ ಬರೆಯುತ್ತೀರೋ ಸಂಜೆಯೋ ಎಂದರು. ಆಮೇಲೆ ಮೈಕ್ ನನ್ನ ಕೈಗೆ ಬಂತು.

ಜೇಬಿನಲ್ಲಿ ಪ್ರಶ್ನೆ ಬರೆದುಕೊಂಡ ಚೀಟಿ ಇತ್ತು, ತೆಗೆಯಲಿಲ್ಲ. ಕಂಬದ ಮರೆಯಿಂದ ಹೊರಬಂದೆ. ಎರಡನೆಯ ಸಾಲಿನಲ್ಲಿ ಮಗಳು ತಿರುಗಿ ನೋಡಿದಳು. ವೇದಿಕೆಯ ಮೇಲೆ ಅವಳೂ ನೋಡಿದಳು.

"ಅವನು ಅವಳನ್ನ ಹುಡುಕ್ಕೊಂಡು ಯಾಕೆ ಹೋಗ್ಲಿಲ್ಲ? ನೀವು ಅವನನ್ನ ಅಂಗಡೀಲೇ ಕೂರಿಸಿಬಿಟ್ರಿ. ಒಂದು ಸಲನಾದ್ರೂ ಬಸ್ಸು ಹತ್ತಿಸಬಹುದಿತ್ತು."

ಕೇಳಬೇಕೆಂದುಕೊಂಡದ್ದು ಇದಲ್ಲ. ಬಾಯಿಗೆ ಬಂದದ್ದು ಇದು.

ಮೇಷ್ಟ್ರು ಅವನ ಯಂತ್ರದ ಕಿವಿಗೆ ಬಾಗಿ ಹೇಳಿದರು. ಅವನು ನನ್ನನ್ನು ಹುಡುಕಿ, ತುಟಿ ಸೊಟ್ಟ ಮಾಡಿ ಏನೋ ಅಂದ. ಇಂಗ್ಲಿಷ್ ತಿಳಿದವರು ಮೊದಲು ನಕ್ಕರು, ಮೇಷ್ಟ್ರು ಹೇಳಿದ ಮೇಲೆ ಉಳಿದವರು ನಕ್ಕರು. ಅವನು ಹೇಳಿದ್ದು ಹೀಗೆ: "ಈ ಮಹನೀಯರಿಗೆ ಮದುವೆಯಾಗಿದೆಯೇ? ಆಗಿದ್ದರೆ ನನ್ನನ್ನೇಕೆ ಕೇಳುತ್ತಾರೆ? ಮನೆಗೆ ಹೋಗಿ ಹೆಂಡತಿಯನ್ನು ಕೇಳಲಿ."

ಇಡೀ ಸಭೆ ನಗುತ್ತಿತ್ತು. ಮಗಳ ತಲೆ ತಗ್ಗಿತು. ಮೈಕ್ ವಾಪಸ್ ಕೊಡಬೇಕೆಂದು ಗೊತ್ತು, ಕೈ ಬಿಡಲಿಲ್ಲ. ನಿಂತೇ ಇದ್ದೆ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಆಗ ಅವಳು ಎದ್ದಳು. ಯಾರೂ ಕರೆದಿರಲಿಲ್ಲ. ಓದಲು ಬಳಸಿದ ಮೈಕಿನ ಮುಂದೆ ಬಂದು ನಿಂತಳು.

"ಅದು ಉತ್ತರ ಅಲ್ಲ" ಎಂದಳು. "ಅವರು ಕೇಳಿದ್ದು ಸರಿಯಾಗೇ ಇದೆ. ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಅವನು ಬರ್ಲಿಲ್ಲ ಅಂತ ನೀವು ಬರೆದಿದೀರ. ಬಂದಿದ್ರೆ ಅವಳು ಬಾಗಿಲು ತೆಗೀತಿದ್ಲೋ ಇಲ್ವೋ, ಅದು ನಿಮಗೆ ಗೊತ್ತಾ? ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಕೇಳಿದವರನ್ನ ನಗೆಪಾಟಲು ಮಾಡಬೇಡಿ."

ಮೇಷ್ಟ್ರಿಗೆ ಇದನ್ನು ತಿರುಗಿಸಿ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಲೈಬ್ರರಿಯನ್ ಕಡೆ ನೋಡಿದರು. "ಹೇಳಿ ಸಾರ್ ಅವರಿಗೆ" ಎಂದಳು ಇವಳೇ. ಹೇಳಿದರು. ಮುದುಕ ಕಿವಿಯ ಹಿಂದೆ ಕೈಯಿಟ್ಟು ಇನ್ನೊಮ್ಮೆ ಹೇಳಿಸಿಕೊಂಡ. ಅವಳನ್ನು ನೋಡಿದ, ನನ್ನನ್ನು ನೋಡಿದ. ಏನು ಕಂಡನೋ. ಸಣ್ಣದಾಗಿ ಒಂದೆರಡು ಮಾತಾಡಿದ.

"ಗೊತ್ತಿಲ್ಲ ಅಂತಾರೆ" ಎಂದರು ಮೇಷ್ಟ್ರು. "ಬರೀವಾಗ ಯೋಚ್ನೆ ಮಾಡಲಿಲ್ವಂತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೈಕ್ ಪಕ್ಕದವರಿಗೆ ಕೊಟ್ಟು ಕೂತೆ.

ನವೆಂಬರ್ ೨೨, ಭಾನುವಾರ

ನಿನ್ನೆ ಅಲ್ಲಿಗೇ ಕೈ ನಿಂತಿತು. ಮುಂದಿನದು:

ಎಲ್ಲರೂ ಹೊರಟ ಮೇಲೆ ಕಾರಿನ ಬಳಿ ನಿಂತಿದ್ದೆ. ಮಗಳು ಬಂದು ನನ್ನ ಅಂಗಿಯ ಕಾಲರ್ ಸರಿಮಾಡಿ ಹೋದಳು. ಬೈಯುತ್ತಾಳೆಂದುಕೊಂಡಿದ್ದೆ. ಆಮೇಲೆ ಅವಳು ಬಂದಳು. ಕೈಯಲ್ಲಿ ಸನ್ಮಾನದ ಹೂವಿನ ಗುಚ್ಛ, ಹಿಡಿಯಲು ಬರದವಳ ಹಾಗೆ ತಲೆಕೆಳಗಾಗಿ ಹಿಡಿದಿದ್ದಳು.

"ಯಾಕೆ ಬಂದ್ರಿ?"

"ಪ್ರಶ್ನೆ ಕೇಳೋಕೆ."

"ನನ್ನ ಮಾನ ಕಳೆಯೋಕೆ ಬಂದ್ರಿ ಅಂದ್ಕೊಂಡೆ."

ಅವನ ಮಾನ ಕಳೆಯಲು ಬಂದಿದ್ದೆ ಎಂದೆ. ಪುಸ್ತಕ ಓದಿದಿರಾ ಎಂದಳು. ಓದಿದೆ ಎಂದೆ. ಪೂರ್ತಿಯಾ ಎಂದಳು. ಪೂರ್ತಿ, ಗಂಡನ ಅಧ್ಯಾಯ ಮೂರು ಸಲ ಎಂದೆ. ಇನ್ನೂ ಏನೋ ಹೇಳಬೇಕೆನಿಸಿ, ಅವನು ಬಸ್ಸಿನ ಗೇರಿನ ಬಗ್ಗೆ ಬರೆದದ್ದು ತಪ್ಪು ಎಂದೆ. ಅವಳು ಒಂದು ಕ್ಷಣ ಮುಖ ಆ ಕಡೆ ತಿರುಗಿಸಿದಳು. ನಕ್ಕಳೋ ಏನೋ, ಕತ್ತಲಲ್ಲಿ ಕಾಣಲಿಲ್ಲ.

ತಿರುಗಿದಾಗ ಮುಖ ಗಟ್ಟಿಯಾಗಿತ್ತು. "ಒಂದು ತಿಳ್ಕೊಳ್ಳಿ. ಅಲ್ಲಿ ಹೇಳಿದ್ದು ಅವನ ಕಥೆ ಬಗ್ಗೆ. ನಾನು ಮನೆಗೆ ವಾಪಸ್ ಬರಲ್ಲ. ನಿಮ್ಮ ಪರ ಮಾತಾಡಿದೆ ಅಂತ ಹಾಗೆ ಅಂದ್ಕೋಬೇಡಿ."

ನಾನೇನೂ ಕರೆಯಲಿಲ್ಲವಲ್ಲ ಎಂದೆ.

"ನೀವು ಒಂದು ವಿಷಯ ಗೊತ್ತಿಲ್ಲ ಅಂತ ಯಾರನ್ನಾದ್ರೂ ಕೇಳಿದ್ದು ನಾನು ನೋಡಿದ್ದು ಇದೇ ಮೊದಲು" ಎಂದಳು. ಹೊಗಳಿದಳೋ ಬೈದಳೋ ಇನ್ನೂ ತಿಳಿದಿಲ್ಲ.

ಕಾರಿನಲ್ಲಿ ಬಿಟ್ಟು ಬರಲೇ ಎಂದೆ. ಬೇಡ, ಬಸ್ಸು ಬರುತ್ತದೆ ಎಂದಳು. ಸ್ಟಾಪಿನವರೆಗೂ ನಡೆದೆವು. ಈ ವರ್ಷ ಚಳಿ ಬೇಗ ಶುರುವಾಗಿದೆ ಎಂದಳು. ಹೌದು ಎಂದೆ. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ನನ್ನ ಕಡೆ ನೋಡದೆ, "ಅಂಚೆ ಕಚೇರಿ ಹಿಂದಿನ ರಸ್ತೆ, ಬೀಗ ರಿಪೇರಿ ಅಂಗಡಿ ಮೇಲೆ. ಭಾನುವಾರ ಸಂಜೆ ಇರ್ತೀನಿ, ಈ ವಾರ ಇಲ್ಲ" ಎಂದಳು. ಬಾಗಿಲು ಮುಚ್ಚಿತು.

ನವೆಂಬರ್ ೨೫, ಬುಧವಾರ

ಪುಸ್ತಕ ಹಿಂದಿರುಗಿಸಿದೆ. ಲೈಬ್ರರಿಯನ್ ಅಂಟು ಹಾಕಿದ ಬೆನ್ನನ್ನು ತಿರುವಿ ನೋಡಿ ಏನಾಯಿತು ಎಂದರು. ಗೋಡೆಗೆ ಎಸೆದೆ ಎಂದೆ. ಹಾಗೆ ಎಸೆದವರು ನೀವೊಬ್ಬರೇ ಅಲ್ಲ ಎಂದರು. ಈ ಹೆಂಗಸಿನ ಜೊತೆ ನನಗೆ ಎಣ್ಣೆ ಸೀಗೆಕಾಯಿ, ಆದರೂ ಇವತ್ತು ಅಷ್ಟು ಕೆಟ್ಟದಾಗಿ ಮಾತಾಡಲಿಲ್ಲ.

ಪತ್ರಿಕೆಯಲ್ಲಿ ಉಪನ್ಯಾಸದ ವರದಿ ಬಂದಿದೆ. 'ಪ್ರಶ್ನೋತ್ತರ ರಂಜನೀಯವಾಗಿತ್ತು' ಎಂದು ಬರೆದಿದ್ದಾರೆ. ರಂಜನೀಯವಂತೆ.

ನರ್ಸಮ್ಮ ಪಾಸಾದಳು. ಪರೀಕ್ಷೆಗೆ ಮುಂಚಿನ ಕೊನೆಯ ಪಾಠದಲ್ಲಿ ನಾನು ಹೆಚ್ಚು ಹೇಳಲಿಲ್ಲ, ಹೇಳುವಂಥದ್ದು ಉಳಿದಿರಲಿಲ್ಲ.

ಎದುರು ಮನೆಯವರು ತಂಗಿಯ ಆರೋಗ್ಯ ಹೇಗಿದೆ ಎಂದರು. ತಂಗಿ ಚೆನ್ನಾಗಿದ್ದಾಳೆ, ನನ್ನ ಹೆಂಡತಿ ಬೇರೆ ಇದ್ದಾಳೆ ಎಂದೆ. ಅವರು ಸರಸರನೆ ಒಳಗೆ ಹೋದರು. ಒಳ್ಳೆಯದಾಯಿತು.

ನವೆಂಬರ್ ೨೮, ಶನಿವಾರ

ಹೋಗುವುದಿಲ್ಲ ಎಂದು ಬೆಳಿಗ್ಗೆ ತೀರ್ಮಾನಿಸಿದೆ. ವಾಪಸ್ ಬರುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದವಳ ಮನೆಗೆ ಯಾಕೆ ಹೋಗಬೇಕು?

ಸಂಜೆ ಅಂಗಿಗೆ ಇಸ್ತ್ರಿ ಹಾಕಿದೆ. ತೋಳು ಸುಟ್ಟಿತು.

ನವೆಂಬರ್ ೨೯, ಭಾನುವಾರ

ಹೋಗಿದ್ದೆ. ಬಾಗಿಲು ತೆಗೆದಳು.

ಬರೆಯುವಂಥದ್ದು ಏನೂ ಇಲ್ಲ. ಸಣ್ಣ ಕೋಣೆ. ಕೆಳಗಿನಿಂದ ಬೀಗದವನು ಕಬ್ಬಿಣ ಉಜ್ಜುವ ಸದ್ದು. ಸ್ವಿಚ್ಚಿನ ಹತ್ತಿರ ಗೋಡೆ ತೇವವಾಗಿದೆ. ಕೂರಲು ಒಂದೇ ಕುರ್ಚಿ, ನನಗೆ ಕೊಟ್ಟು ಅವಳು ಮಂಚದ ಮೇಲೆ ಕೂತಳು. ಕುರ್ಚಿಯ ಒಂದು ಕಾಲು ಗಿಡ್ಡ, ಅಲ್ಲಾಡುತ್ತದೆ. ಅಡಿಗೆ ಒಂದು ರಟ್ಟಿನ ತುಂಡು ಇಟ್ಟರೆ ಸರಿಹೋಗುತ್ತದೆ.

ಹೇಳಲಿಲ್ಲ. ಅವಳು ಮಾತಾಡುತ್ತಿದ್ದಳು.